ಹೊಗಳದ ಬಾಯಿ

ಹರಿಹರದಲ್ಲಿರುವ ನನ್ನ ತಂಗಿಯ ಮಗನಿಗೆ ಗಿಟಾರಿನ ಹುಚ್ಚು. ಅದೂ ಭಾವಗೀತೆಯ ಹಿಂದೆ ಮೆತ್ತಗೆ ನುಡಿಯುವ ಗಿಟಾರಲ್ಲ. ಹೆವಿ ಮೆಟಲ್ ಎಂದು ಕರೆಯುತ್ತಾರಲ್ಲ, ಬಾಗಿಲು ಹಾಕಿಕೊಂಡರೂ ಗೋಡೆ ತೂರಿ ಬರುವಂಥದ್ದು. ಅವನು ನುಡಿಸಲು ಕೂತರೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳೂ ತಾಳ ಹಾಕುತ್ತವೆ ಎಂದು ತಂಗಿಯ ದೂರು. ಅಕ್ಕಪಕ್ಕದವರು ಇನ್ನೂ ಜಗಳಕ್ಕೆ ಬಂದಿಲ್ಲ ಎನ್ನುವುದೇ ಅವಳಿಗೆ ಸಮಾಧಾನ.

ಈಚೆಗೆ ಅವರ ಮನೆಗೆ ಹೋಗಿದ್ದಾಗ ಅವನು ನನಗೊಂದು ಕಥೆ ಹೇಳಿದ. ಇರಾಕಿನ ಬಾಗ್ದಾದ್ ನಗರದಲ್ಲಿ 2001ರ ಸುಮಾರಿಗೆ ನಾಲ್ಕಾರು ಹುಡುಗರು ಸೇರಿ ಇಂಥದೇ ಒಂದು ತಂಡ ಕಟ್ಟಿದರಂತೆ. ಅಕ್ರಾಸಿಕಾಡಾ ಎಂದು ಹೆಸರು. ಅಲ್ಲಿನ ಮರುಭೂಮಿಯ ಕರಿ ಚೇಳಿನ ಹೆಸರದು. ಆಗ ಸದ್ದಾಂ ಹುಸೇನನ ಆಳ್ವಿಕೆ. ಕಾರ್ಯಕ್ರಮ ಕೊಡಬೇಕಾದರೆ ಸದ್ದಾಮನನ್ನು ಹೊಗಳುವ ಹಾಡೊಂದು ಇರಲೇಬೇಕು. ಹುಡುಗರು ಯೋಚನೆ ಮಾಡಿ ಅಂಥದೊಂದು ಹಾಡು ಕಟ್ಟಿದರು, ಹಾಡಿದರು. ಆಮೇಲೆ ತಮಗೆ ಬೇಕಾದ ಹಾಡುಗಳನ್ನೂ ಹಾಡಿಕೊಂಡರು.

"ದೊಡ್ಡಮ್ಮ, ಅವರು ಮಾಡಿದ್ದು ಸರೀನಾ ತಪ್ಪಾ, ನೀವೇ ಹೇಳ್ರಿ" ಎಂದ.

ನಾನು ಬಾಯಿ ತೆರೆಯುವ ಮೊದಲೇ ತಂಗಿ ಒಳಗಿನಿಂದ ಉತ್ತರ ಕೊಟ್ಟಳು. "ಒಂದು ಹಾಡು ತಾನೇ? ಹಾಡಿ ಮುಗಿಸಿದ್ರಾತು. ತಲೆ ಉಳಿದ್ರೆ ಆಮೇಲೆ ಬೇಕಾದ್ದು ಹಾಡ್ಕೋಬಹುದು. ಗಾಳಿ ಬಂದಾಗ ತೂರ್ಕೋಬೇಕು ಅಂತ ಹಿರೇರು ಸುಮ್ನೆ ಹೇಳ್ಯಾರಾ?"

"ಹಂಗಾದ್ರೆ ಆ ಹಾಡು ಕೇಳಿದೋರ ಗತಿ?" ಎಂದ ಅವನು. ತಂಗಿಯ ಕೈಯಲ್ಲಿದ್ದ ಲಟ್ಟಣಿಗೆ ಒಂದು ಗಳಿಗೆ ನಿಂತಿತು. ನಾನೂ ಏನೂ ಹೇಳಲಿಲ್ಲ. ಇಂಥ ಪ್ರಶ್ನೆಗೆ ಚಪಾತಿ ಬೇಯುವಷ್ಟು ಹೊತ್ತಿನಲ್ಲಿ ಉತ್ತರ ಕೊಡಲಾಗುವುದಿಲ್ಲ.

ಪ್ರಶ್ನೆಯೇನೂ ಹೊಸದಲ್ಲ. ನಮ್ಮ ಕನ್ನಡದಲ್ಲೇ ಎಂಟುನೂರು ವರ್ಷದಷ್ಟು ಹಳೆಯದು. ಹಂಪೆಯ ಹರಿಹರ ಕವಿ ಮೊದಲು ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದನಂತೆ. ಅದನ್ನು ಬಿಟ್ಟು ಹಂಪೆಗೆ ಬಂದು, ಮನುಷ್ಯರನ್ನು ಹೊಗಳಿ ಬರೆಯುವುದಿಲ್ಲ ಎಂದು ಹಟ ಹಿಡಿದು, ಶಿವಶರಣರ ಕಥೆಗಳನ್ನೇ ರಗಳೆಗಳಾಗಿ ಬರೆದ. ಅವನ ಸೋದರಳಿಯ ರಾಘವಾಂಕ 'ಹರಿಶ್ಚಂದ್ರ ಕಾವ್ಯ' ಬರೆದು ರಾಜಸಭೆಯಲ್ಲಿ ಓದಿ ಮೆಚ್ಚುಗೆ ಪಡೆದು ಬಂದಾಗ, ಮನುಷ್ಯನೊಬ್ಬನ ಕಥೆ ಬರೆದೆಯಾ ಎಂದು ಸೋದರಮಾವ ಹಲ್ಲು ಉದುರುವಂತೆ ಹೊಡೆದನೆಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ, ಇಷ್ಟು ಶತಮಾನ ಅದನ್ನು ಹೇಳಿಕೊಂಡು ಬಂದವರ ಮನಸ್ಸಿನಲ್ಲಿ ಈ ಪ್ರಶ್ನೆ ಇತ್ತು ಎಂಬುದಂತೂ ನಿಜ.

ಹಾಗೆಂದು ಹೊಗಳಿದವರೆಲ್ಲ ಕೆಟ್ಟವರು ಎನ್ನಲಾದೀತೇ? ಪಂಪ ತನಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಿಗೆ ಸಮನಾಗಿ ನಿಲ್ಲಿಸಿ ಭಾರತ ಬರೆದ. ಅದಕ್ಕಾಗಿ ಪಂಪನನ್ನು ಯಾರೂ ಕೆಳಗಿಟ್ಟಿಲ್ಲ. ಅರಿಕೇಸರಿಯ ಹೆಸರು ಇಂದು ಉಳಿದಿರುವುದೂ ಪಂಪನ ಪುಣ್ಯದಿಂದಲೇ. ಆದ್ದರಿಂದ ಹೊಗಳಿದನೋ ಇಲ್ಲವೋ ಎಂದು ನೋಡಿದರೆ ಸಾಲದು. ಯಾರ ಮುಂದೆ, ಯಾವ ಹೊತ್ತಿನಲ್ಲಿ, ಯಾರ ಕೊರಳ ಮೇಲೆ ಕಾಲಿಟ್ಟವನನ್ನು ಹೊಗಳಿದ ಎಂದೂ ನೋಡಬೇಕಾಗುತ್ತದೆ.

ಇಂಥ ಹೊತ್ತು ನಮ್ಮ ದೇಶಕ್ಕೂ ಬಂದಿತ್ತು. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ ತುರ್ತು ಪರಿಸ್ಥಿತಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಊರು. ಹತ್ತಿ ಗಿರಣಿಗಳ ಸೈರನ್ನಿಗೆ ಎದ್ದು, ಸೈರನ್ನಿಗೆ ಉಣ್ಣುತ್ತಿದ್ದ ಕಾಲ. ನಾನು ಪ್ರೈಮರಿ ಶಾಲೆಯ ಹುಡುಗಿ. ಇಪ್ಪತ್ತು ಅಂಶಗಳ ಕಾರ್ಯಕ್ರಮದ ಮೇಲೆ ಕಟ್ಟಿದ ಹಾಡೊಂದನ್ನು ನಮ್ಮ ಟೀಚರ್ ಕಲಿಸಿದ್ದರು. ಸಾಲಾಗಿ ನಿಂತು, ಕೈಯಲ್ಲಿ ಕಾಗದದ ಬಾವುಟ ಹಿಡಿದು, ಗಂಟಲು ಹರಿಯುವಂತೆ ಹಾಡುತ್ತಿದ್ದೆವು. ಮಾವಿನಹಣ್ಣಿನ ಹಾಡಿಗೂ ಅದಕ್ಕೂ ನಮಗೇನೂ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ಟೀಚರಿಗೆ ಗೊತ್ತಿತ್ತು. ಅವರು ಗಂಡನನ್ನು ಕಳೆದುಕೊಂಡವರು, ಎರಡು ಮಕ್ಕಳು. ಹಾಡು ಕಲಿಸದಿದ್ದರೆ ಎಲ್ಲಿಗೆ ವರ್ಗವಾದೀತೋ ಎಂಬ ದಿಗಿಲು. ಹಾಡು ಮುಗಿಯುತ್ತಲೇ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದುದು ನೆನಪಿದೆ. ಬಿಸಿಲಿಗೆ ಎಂದುಕೊಂಡಿದ್ದೆ.

ಮನೆಯಲ್ಲಿಯೂ ಮಾತು ಕಡಿಮೆಯಾಗಿತ್ತು. ಅಪ್ಪ ಗಿರಣಿಯ ನೌಕರ. ಮುಷ್ಕರ ಎಂಬ ಶಬ್ದ ಎತ್ತುವಂತಿರಲಿಲ್ಲ. ಕಾನೂನಿನ ಪ್ರಕಾರ ಸಿಗಬೇಕಾದ ಕನಿಷ್ಠ ಬೋನಸ್ಸು ಶೇಕಡ 8.33ರಿಂದ 4ಕ್ಕೆ ಇಳಿದಿತ್ತು. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಹೊಗಳುವವರು ಹೊಗಳುತ್ತಿದ್ದರು. ಅಪ್ಪ ಮಾತ್ರ, "ನಾನು ಎಲ್ಲಿಗೂ ರೈಲಿನಲ್ಲಿ ಹೋಗೋದಿಲ್ಲವಲ್ಲ" ಎಂದು ಒಮ್ಮೆ ಹೇಳಿದ್ದರು. ಅದನ್ನೂ ಬಾಗಿಲು ಹಾಕಿಕೊಂಡು ಹೇಳಿದ್ದರು.

ಆ ಕಾಲದಲ್ಲಿ ಹಾಡುವುದಿಲ್ಲ ಎಂದ ಒಬ್ಬರ ಹೆಸರು ನಿಮಗೆಲ್ಲ ಗೊತ್ತಿದೆ. ರೇಡಿಯೋದಲ್ಲಿ ಕಿಶೋರ್ ಕುಮಾರರ ಹಾಡು ಕೇಳಿ ಬೆಳೆದವರು ನಾವು. ಸರ್ಕಾರದ ಪ್ರಚಾರಕ್ಕೆ ಹಾಡಲು ಅವರು ಒಪ್ಪಲಿಲ್ಲ. 1976ರ ಮೇ 4ರಿಂದ ಆಕಾಶವಾಣಿ, ದೂರದರ್ಶನಗಳಲ್ಲಿ ಅವರ ಹಾಡುಗಳಿಗೆ ನಿಷೇಧ ಬಿತ್ತು. ಇದಕ್ಕೆ ಎರಡೇ ದಿನ ಮೊದಲು, ಮೇ 2ರಂದು, ನಮ್ಮ ಬೆಂಗಳೂರಿನಲ್ಲಿ ಒಬ್ಬ ನಟಿಯ ಬಂಧನವಾಗಿತ್ತು. ಅವರ ಹೆಸರು ಸ್ನೇಹಲತಾ ರೆಡ್ಡಿ.

'ಸಂಸ್ಕಾರ' ಸಿನಿಮಾದ ಚಂದ್ರಿ ಎಂದರೆ ನೆನಪಾದೀತು. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆಗೆದ ಚಿತ್ರ. ಮೊದಲು ಸೆನ್ಸಾರಿನವರು ಬೇಡವೆಂದರು. ಕೊನೆಗೆ ಬಿಡುಗಡೆಯಾಗಿ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಗ್ರಹಾರದವರೆಲ್ಲ ಹೆಣದ ಸಂಸ್ಕಾರ ಯಾರು ಮಾಡಬೇಕೆಂದು ಶಾಸ್ತ್ರ ಹುಡುಕುತ್ತಿದ್ದರೆ, ಮೈಮೇಲಿನ ಒಡವೆ ಬಿಚ್ಚಿ ಮುಂದಿಟ್ಟವಳು ಚಂದ್ರಿ. ಆ ಪಾತ್ರ ಮಾಡಿದ ಸ್ನೇಹಲತಾ ಪಟ್ಟಾಭಿಯವರ ಹೆಂಡತಿ. ಮದರಾಸಿನಲ್ಲಿ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು, ಭರತನಾಟ್ಯ ಕಲಿತವರು, ಲೋಹಿಯಾ ವಿಚಾರಗಳನ್ನು ನಂಬಿದವರು. ಇಬ್ಬರು ಮಕ್ಕಳ ತಾಯಿ.

ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆ ಎಂಬ ಕಾರಣಕ್ಕೆ, ಬರೋಡಾ ಡೈನಮೈಟ್ ಪ್ರಕರಣದ ಗುಮಾನಿಯ ಮೇಲೆ ಅವರನ್ನು ಹಿಡಿದರು. ಆಮೇಲೆ ಮೀಸಾ ಕಾಯ್ದೆ ಹಾಕಿ ವಿಚಾರಣೆಯೇ ಇಲ್ಲದೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರಿಗೆ ಮೊದಲಿನಿಂದ ಆಸ್ತಮಾ. ಉಬ್ಬಸದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಗೊತ್ತು, ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕಿಕೊಂಡಾಗ ಬೆನ್ನು ನೀವುವ ಒಂದು ಕೈ, ಒಂದು ಲೋಟ ಬಿಸಿನೀರು ಎಷ್ಟು ದೊಡ್ಡದೆಂದು. ಅವರಿಗೆ ಸಿಕ್ಕಿದ್ದು ಒಂಟಿ ಕೋಣೆ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರ ತಮಗೆ ಕೇಳಿಸುತ್ತಿತ್ತೆಂದು ಮುಂದೆ ಬರೆದಿದ್ದಾರೆ.

ಆದರೂ ಆಕೆ ಅಲ್ಲಿ ಬರೀ ನರಳುತ್ತ ಕೂತಿರಲಿಲ್ಲ. ಜೊತೆಯ ಹೆಣ್ಣು ಕೈದಿಗಳನ್ನು ಹೊಡೆಯುವುದನ್ನು ವಿರೋಧಿಸಿದರು, ಊಟ ಸುಧಾರಿಸಬೇಕೆಂದು ಕೇಳಿದರು, ಉಪವಾಸ ಮಾಡಿದರು. ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. 1977ರ ಜನವರಿ 15ರಂದು, ದೇಹ ಪೂರ್ತಿ ಸೋತ ಮೇಲೆ, ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದು ದಿನ ಕಳೆದು, ಜನವರಿ 20ರಂದು ತೀರಿಕೊಂಡರು. ಆ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂತು. ಅವರ ಮಗ ಕೋನಾರ್ಕ್ ರೆಡ್ಡಿ ಮುಂದೆ ಹೆಸರಾಂತ ಗಿಟಾರ್ ವಾದಕರಾದರು. ಇದನ್ನು ಹೇಳಿದಾಗ ನನ್ನ ತಂಗಿಯ ಮಗ ಸ್ವಲ್ಪ ಹೊತ್ತು ತಂತಿ ಮುಟ್ಟದೆ ಕೂತಿದ್ದ.

ಈಗ ನಾವು ಹೆಂಗಸರು ಕೇಳಲೇಬೇಕಾದ ಒಂದು ಮಾತಿದೆ. ಹಟಕ್ಕೆ ಬೆಲೆ ಕಟ್ಟುವವರು ಯಾರು? ನಮ್ಮೂರು ಕಂಪನಿ ನಾಟಕದ ಊರು, ಚಿಂದೋಡಿ ಲೀಲಾ ಅವರ ಊರು. ಹರಿಶ್ಚಂದ್ರನ ಕಥೆಯನ್ನು ನಾಟಕದಲ್ಲಿ, 1965ರ ರಾಜಕುಮಾರರ ಸಿನಿಮಾದಲ್ಲಿ ನೋಡಿ ಸೆರಗು ಒದ್ದೆ ಮಾಡಿಕೊಂಡವರು ನಾವು. ಹರಿಶ್ಚಂದ್ರ ಸುಳ್ಳಾಡಲಿಲ್ಲ, ಸರಿ. ಆದರೆ ಆ ಸತ್ಯದ ಸಾಲ ತೀರಿಸಲು ಮಾರಾಟವಾದವಳು ಚಂದ್ರಮತಿ, ಹಾವು ಕಚ್ಚಿ ಸತ್ತದ್ದು ಮಗು ಲೋಹಿತಾಶ್ವ. ಸತ್ಯಸಂಧ ಎಂಬ ಬಿರುದು ಮಾತ್ರ ಅವನೊಬ್ಬನಿಗೆ. ಮನೆಯ ಯಜಮಾನ ಧೈರ್ಯ ಮಾಡಿದಾಗ ಪಾತ್ರೆ ಅಡವಿಡುವವಳು ಹೆಂಡತಿ. ಇದನ್ನು ಕಂಡವರಿಗೆ ನನ್ನ ತಂಗಿಯ 'ಹಾಡಿ ಮುಗಿಸಿದ್ರಾತು' ಎಂಬ ಮಾತು ಹೇಡಿತನ ಎನ್ನಿಸುವುದಿಲ್ಲ. ಮೂರು ಹೊತ್ತು ಒಲೆ ಉರಿಯಬೇಕಾದವರ ಲೆಕ್ಕಾಚಾರ ಅದು.

ಸ್ನೇಹಲತಾ ತಮ್ಮ ಹಟದ ಬೆಲೆಯನ್ನು ತಮ್ಮ ಉಸಿರಿನಿಂದಲೇ ತೆತ್ತರು. ಆದರೂ ಮಕ್ಕಳು ತಾಯಿಯನ್ನು ಕಳೆದುಕೊಂಡದ್ದು ಸುಳ್ಳಲ್ಲ. ಯಾರ ಧೈರ್ಯವೂ ಅವರೊಬ್ಬರ ಲೆಕ್ಕಕ್ಕೇ ಮುಗಿಯುವುದಿಲ್ಲ. ಆದ್ದರಿಂದಲೇ ಇನ್ನೊಬ್ಬರನ್ನು, 'ನೀನೇಕೆ ಎದುರು ನಿಲ್ಲಲಿಲ್ಲ' ಎಂದು ಕೇಳುವ ಹಕ್ಕು ಸುಲಭವಾಗಿ ಯಾರಿಗೂ ಇಲ್ಲ. ನಮ್ಮ ಟೀಚರನ್ನಾಗಲೀ ಬಾಗ್ದಾದಿನ ಹುಡುಗರನ್ನಾಗಲೀ ನಾನು ಕೇಳಲಾರೆ.

ಹಾಗಾದರೆ ಎಲ್ಲವೂ ಸರಿ ಎಂದಾಯಿತೇ? ಇಲ್ಲ. ಇಲ್ಲಿಯೇ ಆ ಹುಡುಗನ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ: ಕೇಳಿದವರ ಗತಿ? ಹೊಗಳಿಕೆಯ ಹಾಡಿನಲ್ಲಿ ಇರುವ ದೋಷ ಸುಳ್ಳು ಹೇಳಿದ್ದಷ್ಟೇ ಅಲ್ಲ. ಅದು ಇನ್ನೊಂದು ದನಿಯನ್ನು ಮುಚ್ಚುತ್ತದೆ. 1976ರಲ್ಲಿ ಊರೂರಿನ ಶಾಲೆಗಳಲ್ಲಿ ಮಕ್ಕಳು ಅಷ್ಟು ಗಟ್ಟಿಯಾಗಿ ಹಾಡುತ್ತಿದ್ದಾಗ, ಬೆಂಗಳೂರಿನ ಜೈಲಿನಲ್ಲಿ ಉಬ್ಬಸ ಹತ್ತಿದ ಹೆಂಗಸೊಬ್ಬಳು ಕೂಗಿದ್ದು ಯಾರಿಗೆ ಕೇಳಿಸೀತು? ಪತ್ರಿಕೆಗಳಿಗೆ ಸೆನ್ಸಾರು, ರೇಡಿಯೋದಲ್ಲಿ ಜಯಕಾರ. 1977ರ ಮಾರ್ಚಿನಲ್ಲಿ ಚುನಾವಣೆ ಬಂದಾಗ ಉತ್ತರ ಭಾರತ ಸರ್ಕಾರವನ್ನು ಕಿತ್ತೊಗೆಯಿತು. ನಮ್ಮ ಕರ್ನಾಟಕದಲ್ಲಿ ಮಾತ್ರ 28 ಸ್ಥಾನಗಳಲ್ಲಿ 26 ಅದೇ ಪಕ್ಷಕ್ಕೆ ಹೋದವು. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಬಡವರಿಗೆ ಒಳ್ಳೆಯದಾಗಿತ್ತು ಎಂಬುದು ಅದಕ್ಕೊಂದು ಕಾರಣ, ಅದು ನ್ಯಾಯವಾದ ಕಾರಣವೂ ಹೌದು. ಆದರೂ ನಮ್ಮ ನಾಡಿನ ಜೈಲಿನಲ್ಲಿ ಉಸಿರು ಕಳೆದುಕೊಂಡವಳ ಸುದ್ದಿ ಮತ ಹಾಕಿದವರಲ್ಲಿ ಎಷ್ಟು ಜನಕ್ಕೆ ತಲುಪಿತ್ತು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಬಾಯಿ ಮುಚ್ಚಿಸಲು ಸರ್ಕಾರವೇ ಬೇಕೆಂದೂ ಇಲ್ಲ. ಸದ್ದಾಮ್ 2003ರಲ್ಲಿ ಹೋದ. ಆಮೇಲೆ ಆ ಬಾಗ್ದಾದಿನ ಹುಡುಗರಿಂದ ಹೊಗಳಿಕೆ ಕೇಳುವವರು ಇರಲಿಲ್ಲ. ಆದರೆ ಈ ಸಂಗೀತ ನಮ್ಮ ಧರ್ಮಕ್ಕೆ ಆಗದು ಎಂದು ಕೊಲ್ಲುವ ಬೆದರಿಕೆ ಹಾಕುವವರು ಬೀದಿಗಳಲ್ಲೇ ಹುಟ್ಟಿಕೊಂಡರು. ಅವರು ಊರು ಬಿಟ್ಟು ಸಿರಿಯಾಕ್ಕೆ ಓಡಿ, ಹೊಟ್ಟೆಪಾಡಿಗೆ ವಾದ್ಯಗಳನ್ನೇ ಮಾರಿ, ಟರ್ಕಿಗೆ ಹೋಗಿ, ಕೊನೆಗೆ ಅಮೆರಿಕ ಸೇರಿದರು. ನಮ್ಮದೇ ಕಾಶ್ಮೀರದಲ್ಲಿ ಪ್ರಗಾಶ್ ಎಂಬ ತಂಡ ಕಟ್ಟಿದ್ದ ಮೂವರು ಶಾಲಾ ಹುಡುಗಿಯರು 2013ರ ಫೆಬ್ರವರಿಯಲ್ಲಿ ವಾದ್ಯ ಕೆಳಗಿಟ್ಟರು. ಬೈಗುಳ, ಬೆದರಿಕೆ, ಮೇಲೆ ಧರ್ಮಗುರುಗಳ ಫತ್ವಾ. 'ಜನ ಏನಂತಾರೆ' ಎಂಬ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಬೇಡ, ಅದು ಎಂದೂ ರದ್ದಾಗುವುದಿಲ್ಲ. ನಮ್ಮ ಊರುಗಳಲ್ಲಿ ಅದನ್ನು ನಾವೇ, ಹೆಂಗಸರೇ, ಎಷ್ಟು ಸಲ ಕಾಯ್ದುಕೊಂಡು ಬಂದಿದ್ದೇವೆ!

ಹಾಗಾಗಿ ನನಗೆ ತೋಚಿದ್ದು ಇಷ್ಟು. ಹೆದರಿ ಹಾಡಿದವರನ್ನು ಕ್ಷಮಿಸಬಹುದು. ಆದರೆ ಹಾಡಿದವರ ಮೇಲೂ ಒಂದು ಋಣ ಉಳಿಯುತ್ತದೆ. ಹಾಡದೆ ನಿಂತವರನ್ನು ಅವರು ಹಂಗಿಸಬಾರದು, ಹಿಡಿದುಕೊಡಬಾರದು, ಅವರ ಮನೆಯನ್ನು ದೂರ ಮಾಡಬಾರದು. ಹೆದರಿಕೆಯಿಂದ ಹಾಡಿದ ಹಾಡನ್ನು ನಾಳೆ ನಿಜವೆಂದು ತಾನೇ ನಂಬಬಾರದು. ಅಲ್ಲಿಯವರೆಗೆ ಅದು ತಲೆ ಬಾಗಿಸಿದ್ದು ಮಾತ್ರ. ಹಾಡದವನ ಕಡೆ ಬೆರಳು ತೋರಿಸಿದ ದಿನ ಅದು ಪಾಪವಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಓಣಿಯಲ್ಲಿ ಕಾರ್ಮಿಕ ಸಂಘದ ಒಬ್ಬರನ್ನು ಆಗ ಜೈಲಿಗೆ ಹಾಕಿದ್ದರು. ಅವರ ಹೆಂಡತಿ ನಲ್ಲಿಯ ಹತ್ತಿರ ಬಂದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅರಿಶಿನ ಕುಂಕುಮಕ್ಕೂ ಯಾರೂ ಕರೆಯುತ್ತಿರಲಿಲ್ಲ. 1977ರ ಸಂಕ್ರಾಂತಿಯ ದಿನ ಅಮ್ಮ ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡಿಟ್ಟ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೊದಲು ಆ ಮನೆಗೆ ಹೋಗು ಎಂದರು. "ಸುಮ್ನೆ ಯಾಕೆ ಕಣ್ಣಿಗೆ ಬೀಳ್ತೀಯ" ಎಂದರು ಅಪ್ಪ. "ಎಳ್ಳು ಬೀರೋಕೆ ಯಾವ ಸರ್ಕಾರದ ಅಪ್ಪಣೆ ಬೇಕ್ರೀ?" ಎಂದರು ಅಮ್ಮ. ಆಕೆ ಬಾಗಿಲು ತೆರೆದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಬಹಳ ಹೊತ್ತು ಮಾತಾಡಲಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಎನ್ನುತ್ತೇವಲ್ಲ. ಒಳ್ಳೆಯ ಮಾತು ಎಂದರೆ ದೊಡ್ಡವರನ್ನು ಹೊಗಳುವ ಮಾತಲ್ಲ ಎಂದು ಅಂದು ಗೊತ್ತಾಯಿತು. ಅದರ ಮರುದಿನವೇ ಸ್ನೇಹಲತಾ ಜೈಲಿನಿಂದ ಹೊರಬಂದದ್ದು. ನಮಗಾಗ ಆ ಸುದ್ದಿ ಗೊತ್ತಿರಲಿಲ್ಲ.

ಅದೇ ಜನವರಿಯಲ್ಲಿ ದೂರದ ಚೆಕೊಸ್ಲೊವಾಕಿಯಾದಲ್ಲಿಯೂ ಒಂದು ಸಂಗತಿ ನಡೆದಿತ್ತು. ಪ್ಲಾಸ್ಟಿಕ್ ಪೀಪಲ್ ಎಂಬ ಉದ್ದಗೂದಲಿನ ರಾಕ್ ತಂಡದವರನ್ನು ಅಲ್ಲಿನ ಸರ್ಕಾರ 1976ರಲ್ಲಿ ಹಿಡಿದು ಜೈಲಿಗೆ ಕಳಿಸಿತ್ತು. ಆ ಸಂಗೀತ ಕೇಳಿ ಕಿವಿ ಮುಚ್ಚಿಕೊಳ್ಳುವಂಥವರೂ, ಲೇಖಕರೂ, ಪ್ರೊಫೆಸರರೂ ಸೇರಿ, ಇವರಿಗೆ ಹೀಗೆ ಮಾಡಿದರೆ ನಾಳೆ ಯಾರಿಗಾದರೂ ಮಾಡಬಹುದು ಎಂದುಕೊಂಡರು. ಇನ್ನೂರಕ್ಕೂ ಹೆಚ್ಚು ಜನ ಸಹಿ ಹಾಕಿ 1977ರ ಜನವರಿಯಲ್ಲಿ ಸನ್ನದು ಎಪ್ಪತ್ತೇಳು ಎಂಬ ಪತ್ರ ಹೊರಡಿಸಿದರು. ಎಷ್ಟೋ ಜನ ಕೆಲಸ ಕಳೆದುಕೊಂಡರು, ಜೈಲು ಕಂಡರು. ಅವರಲ್ಲೊಬ್ಬರಾದ ನಾಟಕಕಾರ ವಾಕ್ಲಾವ್ ಹಾವೆಲ್ 1989ರ ಕೊನೆಗೆ ಆ ದೇಶದ ಅಧ್ಯಕ್ಷರಾದರು.

ಹರಿಹರದ ದೇವಸ್ಥಾನಕ್ಕೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಗುಹಾಸುರನೆಂಬವನು, ಹರಿಯಿಂದಾಗಲೀ ಹರನಿಂದಾಗಲೀ ತನಗೆ ಸಾವು ಬರಬಾರದೆಂದು ವರ ಪಡೆದು ಲೋಕವನ್ನು ಗೋಳಾಡಿಸಿದನಂತೆ. ಒಬ್ಬೊಬ್ಬರಿಂದ ಆಗದೆಂದು ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಕೊಂದರು. ಇಬ್ಬರ ಭಕ್ತರೂ ಒಬ್ಬರನ್ನೊಬ್ಬರು ಕಂಡರೆ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಈ ಕಥೆ ಕಟ್ಟಿದರು. ಮೆಚ್ಚದವರ ಪಕ್ಕದಲ್ಲಿಯೂ ಒಮ್ಮೊಮ್ಮೆ ನಿಲ್ಲಬೇಕಾಗುತ್ತದೆ ಎಂದು ಅದಕ್ಕೆ ಅರ್ಥ.

ಎಲ್ಲರೂ ಸ್ನೇಹಲತಾ ಆಗಲಾರರು, ಆಗಿ ಎಂದು ಮಕ್ಕಳಿಗೆ ಹೇಳುವ ಎದೆಯೂ ತಾಯಂದಿರಿಗೆ ಇರಲಾರದು. ಆದರೆ ಹಾಡುವುದಿಲ್ಲ ಎಂದು ನಿಂತವರ ಬಾಗಿಲಿಗೆ ಒಂದು ತಟ್ಟೆ ಎಳ್ಳುಬೆಲ್ಲ ಕಳಿಸುವುದು ನಮ್ಮ ಕೈಯಲ್ಲಿದೆ. ತಟ್ಟೆಯನ್ನು ಮಕ್ಕಳ ಕೈಯಲ್ಲೇ ಕೊಟ್ಟು ಕಳಿಸಬೇಕು.